"ಸೊಂಟ ಅಲ್ಲಾಡಿಸೋದು ಅಷ್ಟೇ ತಾನೆ?" ಅಂತ ಬರೋ ಬಿಗಿನರ್ಸ್‌ನ ಹೇಗೆ ಸಂಭಾಳ್ಸೋದು

ಪ್ರಶ್ನೆ: ಮೇಡಂ, ನಾನು ರಾಜಾಜಿನಗರದಲ್ಲಿ ಹೋದ ವರ್ಷದಿಂದ ಬೆಲ್ಲಿ ಡ್ಯಾನ್ಸ್ ಬಿಗಿನರ್ಸ್ ಬ್ಯಾಚ್ ನಡೆಸ್ತಿದೀನಿ. ಬರೋರಲ್ಲಿ ಬಹಳ ಜನ "ಇದೇನ್ ಮಹಾ, ಸೊಂಟ ಅಲ್ಲಾಡಿಸೋದು ತಾನೆ" ಅನ್ನೋ ಥರ ಬರ್ತಾರೆ, ತಿಂಗಳು ಮುಗಿಯೋಷ್ಟ್ರಲ್ಲಿ ಅರ್ಧ ಬ್ಯಾಚ್ ಖಾಲಿ. ಭರತನಾಟ್ಯ ಕಲ್ತಿರೋ ಒಬ್ಬ ಹುಡುಗಿ ಎಲ್ಲರ ಮುಂದೇನೇ "ಇದ್ರಲ್ಲಿ ಟೆಕ್ನಿಕ್ ಅಂತ ಏನಿದೆ ಮ್ಯಾಮ್" ಅಂದ್ಲು. ಇನ್ನೊಬ್ರು ಎರಡು ವಾರದಲ್ಲಿ ಆಫೀಸ್ ಆನ್ಯುಯಲ್ ಡೇಗೆ ಸೋಲೋ ರೆಡಿ ಮಾಡ್ಸಿ ಅಂತಾರೆ. ಮೂರು ತಿಂಗಳು ಕಲ್ತೋಳು ಅವಳ ಅಪಾರ್ಟ್‌ಮೆಂಟಲ್ಲಿ ತಾನೇ ಕ್ಲಾಸ್ ಶುರು ಮಾಡಿದಾಳೆ. ಮೊದಲ್ನೇ ದಿನಾನೇ ಚೆನ್ನಾಗಿ ಬಿಸಿ ಮುಟ್ಟಿಸ್ಲಾ, ಇಲ್ಲ ಸುಲಭ ಸುಲಭ ಅಂತ ಹೇಳ್ಕೊಂಡು ಉಳಿಸ್ಕೊಳ್ಲಾ? ಟ್ರಯಲ್ ಕ್ಲಾಸ್ ಫ್ರೀ ಕೊಡೋದು ಸರೀನಾ?

ಉತ್ತರ: ಎರಡೂ ಬೇಡ ಕಣ್ರೀ. ಬಿಸಿ ಮುಟ್ಟಿಸಿದ್ರೆ ಬಂದೋರು ಓಡ್ತಾರೆ, ಸುಲಭ ಅಂತ ನಂಬ್ಸಿದ್ರೆ ನಾಲ್ಕನೇ ವಾರಕ್ಕೆ ಅವ್ರಿಗೆ ಮೋಸ ಹೋದಂಗೆ ಅನ್ಸುತ್ತೆ, ಆಗ ಓಡ್ತಾರೆ. ಮೊದಲು ಒಂದು ವಿಷ್ಯ ಒಪ್ಕೊಂಬಿಡೋಣ, ಅವ್ರು ಹಾಗೆ ಅನ್ಕೊಂಡ್ ಬರೋದ್ರಲ್ಲಿ ಅವ್ರ ತಪ್ಪು ಅಂಥದ್ದೇನಿಲ್ಲ, ಯಾಕಂದ್ರೆ ಈ ಡ್ಯಾನ್ಸಿನ ಮರ್ಯಾದೆ ಇರೋದೇ ನೋಡೋರಿಗೆ ಸಲೀಸಾಗಿ ಕಾಣೋದ್ರಲ್ಲಿ. ಖಾನಾವಳೀಲಿ ಜೋಳದ ರೊಟ್ಟಿ ತಟ್ಟೋ ಅಮ್ಮನ್ನ ನೋಡಿ, ಪಟಪಟ ಅಂತ ಎರಡು ಕೈಲಿ ತಿರುಗಿಸ್ತಾ ಪಕ್ಕದವರ ಹತ್ರ ಮಾತಾಡ್ತಾ ಇರ್ತಾರೆ, ನಮಗೂ ಬರುತ್ತೆ ಅನ್ಸುತ್ತೆ, ಹಿಟ್ಟು ಕೈಗೆ ಬಂದ್ಮೇಲೆ ಗೊತ್ತಾಗೋದು ಅದು ಅಂಚಲ್ಲಿ ಯಾಕ್ ಒಡೀತಿದೆ ಅಂತ. ಮುಖದಲ್ಲಿ ಶ್ರಮ ಕಾಣ್ಸಿದ್ರೆ ಆ ಡ್ಯಾನ್ಸರ್ ಇನ್ನೂ ಪಳಗಿಲ್ಲ ಅಂತ ನಾವೇ ಹೇಳ್ತೀವಲ್ಲ, ಆಮೇಲೆ ಜನ ಸುಲಭ ಅನ್ಕೊಂಡ್ರು ಅಂತ ಬೇಜಾರು ಮಾಡ್ಕೊಂಡ್ರೆ ಹೇಗೆ.

ಇನ್ನೊಂದು, ಸ್ವಲ್ಪ ಖಾರವಾಗೇ ಹೇಳ್ತೀನಿ. ಈ ಊರಲ್ಲಿ ಬೆಲ್ಲಿ ಡ್ಯಾನ್ಸ್ ಪೋಸ್ಟರ್‌ಗಳನ್ನ ಒಂದ್ಸಲ ಓದಿ ನೋಡಿ, ಕೋರಮಂಗಲ ಇರ್ಲಿ, ಎಚ್‌ಎಸ್‌ಆರ್ ಇರ್ಲಿ, ಜಯನಗರ ಇರ್ಲಿ. "ಫನ್, ಈಸಿ, ಯಾರ್ ಬೇಕಾದ್ರೂ ಬರ್ಬಹುದು, ಹೊಟ್ಟೆ ಕರಗುತ್ತೆ, 8 ಕ್ಲಾಸಲ್ಲಿ ಬೆಲ್ಲಿ ಡ್ಯಾನ್ಸ್ ಕಲೀರಿ". ಹೀಗೆ ಬರ್ದು ಕರ್ದಿದ್ದು ನಾವು ಟೀಚರ್‌ಗಳೇ ತಾನೆ, ಕರ್ದ ಮೇಲೆ ಅವ್ರು ಈಸಿ ಅನ್ಕೊಂಡ್ ಬಂದ್ರು ಅಂತ ಅವ್ರ ಮೇಲೆ ಗುರ್ ಅನ್ನೋದು ನ್ಯಾಯ ಅಲ್ಲ. ನಿಮ್ಮ ಪೋಸ್ಟರಲ್ಲಿ ಏನಿದೆ ನಂಗೊತ್ತಿಲ್ಲ, ಆದ್ರೆ ಹೀಗಿದ್ರೆ ಇವತ್ತೇ ಬದಲಾಯ್ಸಿ. "8 ಕ್ಲಾಸಲ್ಲಿ ನಾಲ್ಕು ಮೂಲ ಚಲನೆ, ಒಂದು ತಾಳ, ಒಂದು ಚಿಕ್ಕ ಕಾಂಬಿನೇಷನ್" ಅಂತ ಹಾಕಿ. ಬರೋರು ಸ್ವಲ್ಪ ಕಮ್ಮಿ ಆಗ್ಬಹುದು, ಆದ್ರೆ ಬಂದೋರಿಗೆ ತಾವು ದುಡ್ಡು ಕೊಟ್ಟಿದ್ದು ಏನಕ್ಕೆ ಅಂತ ಗೊತ್ತಿರುತ್ತೆ.

ಸರಿ, ಈಗ ಕ್ಲಾಸ್ ಒಳಗೆ ಬನ್ನಿ. "ಕಷ್ಟ ಕಷ್ಟ" ಅಂತ ಬಾಯಲ್ಲಿ ಹೇಳೋದ್ರಿಂದ ನಯಾಪೈಸೆ ಉಪಯೋಗ ಇಲ್ಲ. ಕಷ್ಟ ಎಲ್ಲಿದೆ ಅಂತ ನಿಖರವಾಗಿ ಬೆರಳಿಟ್ಟು ತೋರ್ಸ್ಬೇಕು, ಅದೂ ಒಂದೇ ಒಂದು ಜಾಗದಲ್ಲಿ, ಚಿಕ್ಕದಾಗಿ. ಯಾಕಂದ್ರೆ ಹೊಸಬರಿಗೆ ಕಾಣೋದು ಅಲ್ಲಾಡ್ತಿರೋ ಭಾಗ ಮಾತ್ರ, ಅಲ್ಲಾಡ್ದೆ ನಿಂತಿರೋ ಭಾಗ ಕಾಣಲ್ಲ. ಹಿಪ್ ಡ್ರಾಪ್ ತಗೊಳ್ಳಿ. ಭಾರ ಪೂರ್ತಿ ಎಡಗಾಲ ಮೇಲೆ, ಬಲಗಾಲು ಮುಂಗಾಲಲ್ಲಿ ನಿಂತಿರುತ್ತೆ, ಬಲ ಸೊಂಟ ಮೇಲೆತ್ತಿ ತಾಳಕ್ಕೆ ಸರಿಯಾಗಿ ಬಿಡ್ಬೇಕು. ಕೇಳೋಕೆ ಇಷ್ಟೇ. ಆದ್ರೆ ಆ ಹೊತ್ತಲ್ಲಿ ಎಡಗಾಲಿನ ಪೃಷ್ಠದ ಪಕ್ಕದ ಸ್ನಾಯು ಇಡೀ ದೇಹ ಹಿಡ್ಕೊಂಡಿರುತ್ತೆ, ಪಕ್ಕೆಲುಬಿನ ಗೂಡು ಕದಲ್ಬಾರ್ದು, ಭುಜ ಕದಲ್ಬಾರ್ದು, ತಲೆ ಮೇಲೆ ಕೆಳಗೆ ಕುಣೀಬಾರ್ದು, ಉಸಿರು ಕಟ್ಬಾರ್ದು. ಹೊಸಬ್ರು ಮಾಡೋವಾಗ ಸೊಂಟದ ಜೊತೆ ಭುಜಾನೂ ಹೋಗುತ್ತೆ, ತಲೆನೂ ಹೋಗುತ್ತೆ, ಅವ್ರಿಗೆ ತಾವು ಅಲ್ಲಾಡ್ತಿರೋದೇ ಗೊತ್ತಿರಲ್ಲ.

ಅದಕ್ಕೆ ನಾನು ಮಾಡೋ ಕೆಲ್ಸ ತುಂಬಾ ಸಿಂಪಲ್. ಒಂದು ಪ್ಯಾಕೆಟ್ ಸ್ಟಿಕ್ಕರ್ ಬಿಂದಿ ಇಟ್ಕೊಂಡಿರ್ತೀನಿ. ಪ್ರತಿಯೊಬ್ರಿಗೂ ಕನ್ನಡಿ ಮೇಲೆ ಅವ್ರವ್ರ ಮೂಗಿನ ನೇರಕ್ಕೆ ಒಂದು ಬಿಂದಿ ಅಂಟಿಸ್ಕೊಳ್ಳಿ ಅಂತೀನಿ, ಆಮೇಲೆ ಸೊಂಟದಲ್ಲಿ ನಿಧಾನಕ್ಕೆ ಎಂಟರ ಆಕಾರ ಬರೀರಿ, ಮೂಗು ಬಿಂದಿ ಬಿಟ್ಟು ಹೋಗ್ಬಾರ್ದು, ಅಷ್ಟೆ. ಭಾಷಣ ಬೇಕಿಲ್ಲ, ಬೈಗುಳ ಬೇಕಿಲ್ಲ. ಅರ್ಧ ನಿಮಿಷಕ್ಕೆ ರೂಮೆಲ್ಲ ನಗ್ತಾ ಇರುತ್ತೆ, ಯಾಕಂದ್ರೆ ಎಲ್ಲರ ಮೂಗೂ ಬಿಂದಿ ಸುತ್ತ ಪ್ರದಕ್ಷಿಣೆ ಹಾಕ್ತಿರುತ್ತೆ. ಅಲ್ಲಿಗೆ "ಇಷ್ಟೇ ತಾನೆ" ಅನ್ನೋದು ತಾನಾಗೇ ಕರಗುತ್ತೆ, ನೀವು ಯಾರ್ನೂ ಚಿಕ್ಕೋರು ಮಾಡ್ಬೇಕಾಗಿಲ್ಲ. ಮುಖ್ಯ ಏನಂದ್ರೆ ತಮಗೆ ಏನು ಬರ್ತಿಲ್ಲ ಅನ್ನೋದು ಅವ್ರಿಗೆ ಗೊತ್ತಾಯ್ತು, ಅದನ್ನ ಮನೇಲಿ ಬಾತ್‌ರೂಮ್ ಕನ್ನಡಿ ಮುಂದೇನೂ ಪ್ರಾಕ್ಟೀಸ್ ಮಾಡ್ಬಹುದು.

ಮೊದಲ ಕ್ಲಾಸಲ್ಲಿ ಇಂಥ ಕಷ್ಟ ಒಂದೇ ಇರ್ಲಿ. ಉಳಿದಿದ್ದೆಲ್ಲ ಬರೋ ಅಂಥದ್ದೇ ಕೊಡಿ, ದೊಡ್ಡ ಹಿಪ್ ಸರ್ಕಲ್, ಪಕ್ಕಕ್ಕೆ ಸ್ಲೈಡ್, ನಡ್ಕೊಂಡು ಹೋಗ್ತಾ ತೂಗೋದು. ಹೊರಗೆ ಹೋಗೋವಾಗ ಅವ್ರ ಕೈಲಿ ಒಂದು ಚಂದದ ಚಲನೆ ಇರ್ಬೇಕು, ತಲೇಲಿ ಒಂದು ಪ್ರಶ್ನೆ ಇರ್ಬೇಕು.

ಶಿಮ್ಮಿ, ಅಂದ್ರೆ ಸೊಂಟನ ಸಣ್ಣದಾಗಿ ಪಟಪಟ ನಡುಗ್ಸೋದು, ಅದ್ರ ವಿಷ್ಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜನ ಇದನ್ನೇ ಹುಡುಕ್ಕೊಂಡ್ ಬರೋದು, ಅತಿ ಹೆಚ್ಚು ಬೇಜಾರಾಗೋದೂ ಇದ್ರಲ್ಲೇ. ಶಕೀರಾನೋ ನೋರಾ ಫತೇಹಿನೋ ಮಾಡಿದ್ದನ್ನ ಮೊಬೈಲಲ್ಲಿ ನೋಡಿರ್ತಾರೆ, ಬಂದ ತಕ್ಷಣ ಅದೇ ಸ್ಪೀಡ್ ಬೇಕು. ಅದ್ರಲ್ಲೂ ಜಿಮ್‌ಗೆ ಹೋಗಿ ಗಟ್ಟಿಯಾಗಿರೋ ಹುಡುಗೀರು, ಮ್ಯಾರಥಾನ್ ಓಡೋರು, ಪ್ಲ್ಯಾಂಕ್ ಮೂರ್ ನಿಮಿಷ ಹಿಡಿಯೋರು, ಇವ್ರಿಗೆ ಶಿಮ್ಮಿ ಬರ್ದೇ ಇದ್ದಾಗ ತಲೆ ಕೆಡುತ್ತೆ. ಅವ್ರಿಗೆ ಗೊತ್ತಿರೋ ಒಂದೇ ಉಪಾಯ ಇನ್ನೂ ಜೋರಾಗಿ ಪ್ರಯತ್ನ ಮಾಡೋದು, ಆದ್ರೆ ಶಿಮ್ಮಿ ಜೋರು ಮಾಡಿದಷ್ಟೂ ಸಾಯುತ್ತೆ. ಮಂಡಿಗಳು ಒಂದಾದ್ಮೇಲೊಂದು ಸಣ್ಣದಾಗಿ ಮುಂದೆ ಹಿಂದೆ ಹೋಗ್ತಿರ್ಬೇಕು, ಸೊಂಟದ ಸುತ್ತ ಇರೋದೆಲ್ಲ ಸಡಿಲವಾಗಿ ಆ ಅಲೆನ ಹಾಗೇ ತಗೋಬೇಕು, ಅದೇ ಹೊತ್ತಿಗೆ ಬೆನ್ನು ಮತ್ತು ಕೆಳಹೊಟ್ಟೆ ನಿಲುವು ಬಿಡ್ಬಾರ್ದು. ಒಂದೇ ದೇಹದಲ್ಲಿ ಒಂದು ಭಾಗ ಹಿಡ್ಕೊಂಡು ಇನ್ನೊಂದು ಭಾಗ ಬಿಡೋದು, ಇದೇ ಈ ಡ್ಯಾನ್ಸಿನ ಅತಿ ದೊಡ್ಡ ಕಷ್ಟ ಅಂತ ನನ್ನ ಅಭಿಪ್ರಾಯ, ಇದು ಶಕ್ತಿ ಇದ್ದೋರಿಗೂ ಇಲ್ಲದೋರಿಗೂ ಒಂದೇ ಥರ ಕಾಡುತ್ತೆ. ಹಂಗಾಗಿ ಫಿಟ್ ಆಗಿರೋರಿಗೆ "ನೀವು ವೀಕ್" ಅಂತ ಅನ್ನಿಸೋ ಹಾಗೆ ಮಾತಾಡ್ಬೇಡಿ, "ನಿಮ್ಗೆ ಹಿಡಿಯೋದು ಬರುತ್ತೆ, ಬಿಡೋದು ಕಲೀರಿ" ಅಂತ ಹೇಳಿ ನೋಡಿ, ಮುಖ ಹೇಗೆ ಬದಲಾಗುತ್ತೆ ಅಂತ.

ಕಾಯಿನ್ ಸ್ಕಾರ್ಫ್, ಸೊಂಟಕ್ಕೆ ಕಟ್ಟೋ ನಾಣ್ಯದ ಬಟ್ಟೆ, ಅದ್ರ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಆನ್‌ಲೈನಲ್ಲಿ ತರಿಸ್ಕೊಂಡು ಮೊದಲ್ನೇ ದಿನಾನೇ ಕಟ್ಕೊಂಡ್ ಬರ್ತಾರೆ, ಜಲ್ ಜಲ್ ಅಂತ ಸದ್ದು ಕೇಳಿದ್ ತಕ್ಷಣ ಶಿಮ್ಮಿ ಬಂತು ಅನ್ಕೊಳ್ತಾರೆ. ಕೆಲವು ಟೀಚರ್ಸ್ ಅದನ್ನ ಬ್ಯಾನೇ ಮಾಡ್ಬಿಡ್ತಾರೆ, ನಾನು ಮಾಡಲ್ಲ, ಖುಷಿಯಿಂದ ತಂದಿದ್ದನ್ನ ಬಿಚ್ಚಿಡಿ ಅನ್ನೋಕೆ ನನ್ನ ಬಾಯಿ ಬರಲ್ಲ. ಅದನ್ನೇ ಪರೀಕ್ಷೆ ಮಾಡ್ಕೊಳ್ಳಿ. ಕಣ್ಮುಚ್ಚಿ ಕೇಳಿ ಅನ್ನಿ, ಸದ್ದು ಸಮವಾಗಿ ಬರ್ತಿದ್ಯಾ, ಇಲ್ಲ ಬಲಗಡೆ ಜೋರು ಎಡಗಡೆ ಮೆತ್ತಗೆ ಆಗ್ತಿದ್ಯಾ. ಕಿವಿಗೆ ತಪ್ಪು ಕೇಳ್ಸಿದ್ ದಿನ ಅವ್ರು ನಿಜವಾಗಿ ಕಲಿಯೋಕೆ ಶುರು ಮಾಡ್ತಾರೆ.

ಬೆಲ್ಲಿ ರೋಲ್ ಕೇಳೋರೂ ಇರ್ತಾರೆ, "ಮ್ಯಾಮ್ ಹೊಟ್ಟೆ ಅಲೆ ಥರ ಯಾವಾಗ ಹೇಳ್ಕೊಡ್ತೀರಾ". ಹೊಟ್ಟೆ ಮುಂದಿನ ಆ ಉದ್ದ ಸ್ನಾಯು, ಸಿಕ್ಸ್ ಪ್ಯಾಕ್ ಅಂತೀವಲ್ಲ ಅದು, ಅದಕ್ಕೆ ಎದೆ ಮಟ್ಟದ 7ನೇ ನರದಿಂದ 12ನೇ ನರದ ತನಕ ಬೇರೆ ಬೇರೆ ನರಗಳು ಬರ್ತವೆ, ಅದಕ್ಕೇ ಮೇಲಿನ ಭಾಗ ಮತ್ತೆ ಕೆಳಗಿನ ಭಾಗನ ಬೇರೆ ಬೇರೆಯಾಗಿ ಬಿಗಿ ಮಾಡೋಕೆ ದೇಹಕ್ಕೆ ಕಲಿಸ್ಬಹುದು. ಆದ್ರೆ ಕಲಿಸ್ಬಹುದು ಅಂದ್ರೆ ನಾಳೆ ಬರುತ್ತೆ ಅಂತಲ್ಲ. ನೆಲದ ಮೇಲೆ ಅಂಗಾತ ಮಲಗ್ಸಿ, ಹೊಟ್ಟೆ ಮೇಲೆ ಕೈ ಇಟ್ಕೊಂಡು ಮೇಲಿಂದ ಕೆಳಕ್ಕೆ ಒಂದೊಂದಾಗಿ ಒತ್ತೋದು ಬಿಡೋದು ಮಾಡ್ಸಿ, ಅದನ್ನ ಮನೆಗೆ ಹೋಮ್‌ವರ್ಕ್ ಕೊಟ್ಬಿಡಿ, ಕ್ಲಾಸ್ ಟೈಮ್ ತಿನ್ನೋಕೆ ಬಿಡ್ಬೇಡಿ. ಊಟ ಆದ್ ತಕ್ಷಣ ಬೇಡ ಅಂತ ಹೇಳೋದು ಮರೀಬೇಡಿ, ಮಸಾಲೆ ದೋಸೆ ತಿಂದು ಸೀದಾ ಕ್ಲಾಸಿಗೆ ಬರೋ ಊರಿದು.

ಈಗ ನಿಮ್ಮ ಖಾಲಿ ಆಗೋ ಬ್ಯಾಚ್ ವಿಷ್ಯ. ಬಿಟ್ಟೋಗೋರೆಲ್ಲ ಕಷ್ಟ ಅಂತ ಬಿಡ್ತಾರೆ ಅನ್ಕೋಬೇಡಿ. ವೈಟ್‌ಫೀಲ್ಡಲ್ಲಿ ಕೆಲ್ಸ, ರಾಜಾಜಿನಗರದಲ್ಲಿ ಮನೆ, ಪರ್ಪಲ್ ಲೈನಿಂದ ಇಳಿದು ಗ್ರೀನ್ ಲೈನ್ ಹತ್ತಿ ಏಳು ಗಂಟೆ ಕ್ಲಾಸಿಗೆ ಓಡ್ ಬರ್ಬೇಕು, ನಡುವೆ ಆಫೀಸಲ್ಲಿ ರಿಲೀಸ್, ಮನೇಲಿ ಮದುವೆ, ಮಕ್ಕಳ ಪರೀಕ್ಷೆ, ಇದೆಲ್ಲ ನಿಮ್ಮ ಕೈಲಿಲ್ಲ. ನಿಮ್ಮ ಕೈಲಿರೋದು ಒಂದು. ಜನ ಕಷ್ಟ ಆದಾಗ ಬಿಡೋದಕ್ಕಿಂತ, ತಾವು ಮುಂದೆ ಹೋಗ್ತಿದೀವಾ ಇಲ್ವಾ ಅಂತ ಗೊತ್ತಾಗ್ದೇ ಇದ್ದಾಗ ಬಿಡ್ತಾರೆ. ಮೊದಲ ಎರಡು ವಾರ ಎಲ್ಲಾ ಹೊಸದು, ಮಜಾ ಇರುತ್ತೆ. ಮೂರು ನಾಲ್ಕನೇ ವಾರಕ್ಕೆ ಹೊಸತನ ಹೋಗಿರುತ್ತೆ, ಸೊಂಟ ಇನ್ನೂ ಮಾತು ಕೇಳ್ತಿರಲ್ಲ, ಕನ್ನಡೀಲಿ ಪಕ್ಕದೋಳು ಚೆನ್ನಾಗ್ ಮಾಡ್ತಿರೋ ಥರ ಕಾಣುತ್ತೆ. ಆ ವಾರಕ್ಕೆ ಮೊದಲೇ ನೀವು ಏನಾದ್ರೂ ಅಳತೆ ಕೊಟ್ಟಿರ್ಬೇಕು. ಮೊದಲ್ನೇ ವಾರ ಅವ್ರವ್ರ ಫೋನಲ್ಲೇ ಕುತ್ತಿಗೆಯಿಂದ ಕೆಳಗೆ ಮಾತ್ರ ಒಂದು ವಿಡಿಯೋ ತೆಗೆಸಿ, ನಾಲ್ಕನೇ ವಾರ ಅದೇ ಎಂಟರ ಆಕಾರ, ಅದೇ ಹಾಡು, ಇನ್ನೊಂದು ವಿಡಿಯೋ. ಎರಡೂ ಅವ್ರೇ ನೋಡ್ಕೊಳ್ಳಿ. ಅವ್ರ ಫೋನಲ್ಲೇ ಇರ್ಲಿ ಅಂತ ಯಾಕ್ ಹೇಳ್ತಿದೀನಿ ಅಂದ್ರೆ, ನಿಮ್ಮ ಬ್ಯಾಚಲ್ಲಿ ಮನೇಲಿ ಜುಂಬಾ ಅಂತ ಹೇಳಿ ಬಂದಿರೋರು ಇದ್ದೇ ಇರ್ತಾರೆ, ನಿಮ್ಮ ಇನ್‌ಸ್ಟಾಗ್ರಾಮಲ್ಲಿ ಅವ್ರ ಮುಖ ಬಂದ್ರೆ ಮುಗೀತು ಕಥೆ.

ಈ ಜುಂಬಾ ಅಂತ ಹೇಳಿ ಬರೋರ ಬಗ್ಗೆ ಸ್ವಲ್ಪ ನಿಂತು ಯೋಚ್ನೆ ಮಾಡಿ. "ಸುಮ್ನೆ ಟೈಮ್‌ಪಾಸ್ ಮ್ಯಾಮ್", "ಫನ್‌ಗೆ ಅಷ್ಟೆ", "ಇದೇನ್ ದೊಡ್ಡ ವಿಷ್ಯ", ಇಂಥ ಮಾತು ಆಡೋರಲ್ಲಿ ಅರ್ಧಕ್ಕರ್ಧ ಜನ ನಿಜವಾಗಿ ಈ ಡ್ಯಾನ್ಸ್‌ನ ಹಗುರ ಮಾಡ್ತಿಲ್ಲ, ತಮ್ಮ ಆಸೆನ ಹಗುರ ಮಾಡ್ಕೊಳ್ತಿದಾರೆ. ಸಂಗೀತ ಕಲೀತೀನಿ, ಭರತನಾಟ್ಯ ಕಲೀತೀನಿ ಅಂದ್ರೆ ಮನೇಲಿ ಒಳ್ಳೇದು ಅಂತಾರೆ. ಬೆಲ್ಲಿ ಡ್ಯಾನ್ಸ್ ಸೀರಿಯಸ್ಸಾಗಿ ಕಲೀತೀನಿ ಅಂದ್ರೆ ಅತ್ತೆ ಒಂದ್ಸಲ ಮುಖ ನೋಡ್ತಾರೆ, ಗಂಡ ನಗ್ತಾನೆ, ಅಮ್ಮ "ಅದೇನೇ ಅದು" ಅಂತಾರೆ. ಹಿಂದಿ ಸಿನಿಮಾದಲ್ಲಿ ಹೆಲೆನ್ ಕಾಲದಿಂದ ಕ್ಯಾಬರೆ ಅಂದ್ರೆ ವಿಲನ್ ಅಡ್ಡಾ ಅಂತ ನೋಡ್ಕೊಂಡ್ ಬಂದಿರೋ ಮನೆಗಳು ಇವು. ಹಂಗಾಗಿ ಮೊದಲೇ "ಸುಮ್ನೆ ತಮಾಷೆಗೆ" ಅಂದ್ಬಿಟ್ರೆ ಬರ್ದೇ ಇದ್ರೂ ಮರ್ಯಾದೆ ಹೋಗಲ್ಲ. ಇಂಥೋರನ್ನ ಮೊದಲ್ನೇ ದಿನ ನೀವು "ಇದು ತಮಾಷೆ ಅಲ್ಲ" ಅಂತ ಗದರಿದ್ರೆ, ಮನೇಲಿ ಒಂದ್ಸಲ ಬೈಸ್ಕೊಂಡು ಇಲ್ಲೂ ಬೈಸ್ಕೊಂಡಂಗಾಯ್ತು. ಸುಮ್ನಿರಿ. ತಮಾಷೆಗೇ ಬರ್ಲಿ. ಹಿಂದಿನ ಸಾಲಲ್ಲಿ ಕಂಬದ ಪಕ್ಕ ನಿಂತ್ಕೊಳ್ಳೋ ಈ ಹೆಂಗಸ್ರು ಎರಡನೇ ತಿಂಗಳಲ್ಲಿ ಕ್ಲಾಸ್ ಮುಗಿದ್ಮೇಲೆ ಚಪ್ಪಲಿ ಹಾಕ್ಕೊಳ್ತಾ "ಮ್ಯಾಮ್ ಆ ಮಾಯಾ ಅನ್ನೋ ಸೊಂಟದ ಚಲನೆ ಇನ್ನೊಂದ್ಸಲ ತೋರಿಸ್ತೀರಾ" ಅಂತ ಕೇಳೋರು. ನಿಮ್ಮ ಸ್ಟುಡಿಯೋ ಬಾಡಿಗೆ ಕಟ್ಟೋದು ಅವ್ರು, ವರ್ಷಗಟ್ಲೆ ಉಳಿಯೋದೂ ಅವ್ರೇ.

ನೋವಿನ ವಿಷ್ಯದಲ್ಲಿ ಮಾತ್ರ ಮೊದಲ ದಿನದಿಂದಾನೇ ಗಟ್ಟಿಯಾಗಿರಿ, ಇಲ್ಲಿ ಹಗುರ ಮಾಡೋರಿಗೆ ರಿಯಾಯ್ತಿ ಬೇಡ. ದಿನಕ್ಕೆ ಒಂಬತ್ತು ಗಂಟೆ ಕುರ್ಚೀಲಿ ಕೂರೋ ದೇಹಗಳು ಇವು, ತೊಡೆ ಮುಂಭಾಗ ಬಿಗಿದಿರುತ್ತೆ, ಪೃಷ್ಠದ ಸ್ನಾಯು ಮಲಗಿರುತ್ತೆ, ಎದ್ದು ಸೊಂಟ ತಿರುಗ್ಸು ಅಂದ್ರೆ ಕೆಳಬೆನ್ನನ್ನ ಬಿಲ್ಲು ಥರ ಬಗ್ಗಿಸ್ಬಿಡ್ತಾರೆ, ಅದು ಫೋಟೋದಲ್ಲಿ ಚಂದ ಕಾಣುತ್ತೆ, ಮಾರನೇ ದಿನ ಬೆನ್ನು ಹಿಡಿಯುತ್ತೆ. ಬಾಲದ ಮೂಳೆ ನೆಲ ನೋಡ್ಲಿ, ಮಂಡಿ ಮೆತ್ತಗಿರ್ಲಿ, ಲಾಕ್ ಆಗ್ಬಾರ್ದು, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರ್ಲಿ, ಇಷ್ಟನ್ನ ಬೇಜಾರಾಗೋ ತನಕ ಹೇಳ್ತಾನೇ ಇರಿ. ಸ್ನಾಯು ಸುಸ್ತಾಗೋ ನೋವು ಬೇರೆ, ಕೀಲಲ್ಲಿ ಚುಚ್ಚೋ ನೋವು ಬೇರೆ, ಎರಡನೇದು ಬಂದ್ರೆ ಅಲ್ಲೇ ನಿಲ್ಸಿ. ಡಿಸ್ಕ್ ತೊಂದ್ರೆ ಇರೋರು, ಬಸುರಿಯರು, ಹೆರಿಗೆ ಆಗಿ ಇನ್ನೂ ಹೆಚ್ಚು ದಿನ ಆಗ್ದೇ ಇರೋರು, ಆಪರೇಷನ್ ಆದೋರು ಡಾಕ್ಟರನ್ನೋ ಫಿಸಿಯೋನೋ ಕೇಳ್ಕೊಂಡೇ ಬರ್ಲಿ, ಸೇರ್ಕೊಳ್ಳೋ ಫಾರ್ಮಲ್ಲೇ ಈ ಪ್ರಶ್ನೆ ಹಾಕಿ. ನೆಲಾನೂ ನೋಡಿ, ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ಗಳ ವಿಟ್ರಿಫೈಡ್ ಟೈಲ್ಸ್ ಮೇಲೆ ಸಾಕ್ಸ್ ಹಾಕ್ಕೊಂಡು ತಿರುಗೋಕೆ ಹೋದ್ರೆ ಬೀಳೋದು ಗ್ಯಾರಂಟಿ.

ಇನ್ನು ನಿಮ್ಮ ಭರತನಾಟ್ಯದ ಹುಡುಗಿ. ಅವಳು ಎಲ್ಲರ ಮುಂದೆ ಕೇಳಿದ್ದು ನಿಮ್ಗೆ ಚುಚ್ಚಿದೆ, ಅರ್ಥ ಆಗುತ್ತೆ, ಆದ್ರೆ ಆ ಪ್ರಶ್ನೆ ಒಳ್ಳೇ ಪ್ರಶ್ನೆ ಕಣ್ರೀ. ಅವಳು ಕಲ್ತು ಬಂದಿರೋ ಕಡೆ ಎಲ್ಲಕ್ಕೂ ಹೆಸರಿದೆ, ಕ್ರಮ ಇದೆ, ತಟ್ಟಡವು ಆದ್ಮೇಲೆ ನಾಟ್ಟಡವು, ಮೂರು ಕಾಲ ಅಂದ್ರೆ ಮೂರು ವೇಗ, ಮಂಡಿ ಬಗ್ಗಿಸಿ ನಿಲ್ಲೋ ಅರಮಂಡಿ ಸರಿ ಇಲ್ಲ ಅಂದ್ರೆ ತಟ್ಟುಕೋಲು ಟಕ್ ಅನ್ನುತ್ತೆ. ಇಲ್ಲಿ ಬಂದ್ರೆ ಹಾಡು ಹಾಕಿ "ಫೀಲ್ ಮಾಡಿ" ಅಂದ್ರೆ ಅವಳಿಗೆ ಟೆಕ್ನಿಕ್ ಇಲ್ಲ ಅನ್ಸೋದು ಸಹಜ. ಅವಳಿಗೆ ಉತ್ತರ ಬಾಯಲ್ಲಿ ಕೊಡ್ಬೇಡಿ, ತಾಳದಲ್ಲಿ ಕೊಡಿ. ಮಕ್ಸೂಮ್ ಅನ್ನೋ ಅರಬ್ ತಾಳ ಹಾಕಿ, ದುಂ ತೆಕ್, ತೆಕ್ ದುಂ, ತೆಕ್, ದುಂ ಅಂದ್ರೆ ಡ್ರಮ್ಮಿನ ದಪ್ಪ ಪೆಟ್ಟು, ತೆಕ್ ಅಂದ್ರೆ ಚುರುಕು ಪೆಟ್ಟು. ಅದನ್ನ ಕೈ ತಟ್ಟಿ ತೋರ್ಸೋಕೆ ಹೇಳಿ, ಒಂದೇ ಸಲಕ್ಕೆ ಹಿಡೀತಾಳೆ. ಆಮೇಲೆ ಬಲದಿ ತಾಳ, ಅಲ್ಲಿ ಶುರುನಲ್ಲೇ ಎರಡು ದುಂ. ಆಮೇಲೆ ಸಯೀದಿ, ಅಲ್ಲಿ ಜೋಡಿ ದುಂ ನಡುವಿಗೆ ಬರುತ್ತೆ. ಇವೆಲ್ಲ ಅವಳಿಗೆ ನೀರು ಕುಡಿದಂಗೆ. ಈಗ ಹೇಳಿ, ದುಂಗೆ ಹಿಪ್ ಡ್ರಾಪ್, ತೆಕ್‌ಗೆ ಹಿಪ್ ಲಿಫ್ಟ್, ಪಾದ ಸಮಾನಾಂತರ, ಎದೆ ಕದಲ್ಬಾರ್ದು. ಅಲ್ಲಿ ಅವಳು ನಿಂತ್ಕೊಳ್ತಾಳೆ. ಯಾಕಂದ್ರೆ ವರ್ಷಗಟ್ಲೆ ಅವಳ ದೇಹಕ್ಕೆ ಕಲ್ಸಿರೋದು ಭುಜದಿಂದ ಸೊಂಟದ ತನಕ ಒಂದೇ ಕಟ್ಟಾಗಿ ಇಟ್ಕೋ, ಮಂಡಿ ಹೊರಗೆ ತಿರುಗ್ಸು, ಪಾದ ನೆಲಕ್ಕೆ ಹೊಡಿ, ಸೊಂಟ ಅಲ್ಲಾಡ್ಸಿದ್ರೆ ತಪ್ಪು ಅಂತ. ಇಲ್ಲಿ ಅದೇ ಕಟ್ಟನ್ನ ಬಿಚ್ಬೇಕು. ತಾಳ, ಕೈ, ಕಣ್ಣು, ದಮ್ಮು ಎಲ್ಲದ್ರಲ್ಲೂ ಅವಳು ನಿಮ್ಮ ಬ್ಯಾಚಿಗಿಂತ ಮುಂದಿದಾಳೆ, ಸೊಂಟದಲ್ಲಿ ಮಾತ್ರ ಬಿಗಿನರ್, ಇದನ್ನ ಹೀಗೇ ಸ್ಪಷ್ಟವಾಗಿ ಅವಳಿಗೆ ಹೇಳ್ಬಿಡಿ. ಕಥಕ್ ಕಲ್ತೋರು ಬಂದ್ರೆ ಸುತ್ತೋದು ಸಲೀಸು, ನಿಂತಲ್ಲೇ ಮೆತ್ತಗಾಗೋದು ಕಷ್ಟ. ಒಡಿಸ್ಸಿಯೋರಿಗೆ ಎದೆ ಭಾಗದ ಚಲನೆ ಬೇಗ ಹಿಡ್ಸುತ್ತೆ, ದೇಹ ಮೂರು ಕಡೆ ಬಾಗೋ ತ್ರಿಭಂಗಿ ಅಭ್ಯಾಸ ಇರುತ್ತಲ್ಲ.

ಅವಳಿಗೆ ಇತಿಹಾಸಾನೂ ಸ್ವಲ್ಪ ಹೇಳಿ, ಶಾಸ್ತ್ರೀಯದಿಂದ ಬಂದೋರು ಇದಕ್ಕೆ ಬೆಲೆ ಕೊಡ್ತಾರೆ. ಮದುವೆ ಮನೇಲಿ ಹಬ್ಬದಲ್ಲಿ ಜನ ಕುಣೀತಿದ್ದ ಕುಣಿತ ಇದು, ಕೈರೋದಲ್ಲಿ ಡ್ಯಾನ್ಸರ್ ಬದಿಯಾ ಮಸಾಬ್ನಿ 1926ರಲ್ಲಿ ತಮ್ಮ ಮನರಂಜನಾ ಥಿಯೇಟರ್ ಶುರು ಮಾಡಿದ್ಮೇಲೆ ದೊಡ್ಡ ಸ್ಟೇಜಿಗೆ ಒಗ್ಗೋ ಹಾಗೆ ಬೆಳೀತು, ಕೈಗಳ ಬಳಕೆ, ಸ್ಟೇಜ್ ತುಂಬಾ ಓಡಾಡೋದು, ಬ್ಯಾಲೆಯ ಛಾಯೆ ಎಲ್ಲಾ ಸೇರ್ಕೊಂಡ್ವು, ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಥರದ ಹೆಸರಾಂತ ಡ್ಯಾನ್ಸರ್‌ಗಳು ಅಲ್ಲಿಂದಾನೇ ಬಂದ್ರು. 1959ರಲ್ಲಿ ರೆಡಾ ತಂಡ ಕಟ್ಟಿದ ಮಹಮೂದ್ ರೆಡಾ ಜಿಮ್ನಾಸ್ಟ್, 1952ರ ಹೆಲ್ಸಿಂಕಿ ಒಲಿಂಪಿಕ್ಸಲ್ಲಿ ಈಜಿಪ್ಟ್ ಪರ ಸ್ಪರ್ಧೆ ಮಾಡಿದ್ದೋರು, ಈಜಿಪ್ಟಿನ ಜಾನಪದ ಕುಣಿತಗಳನ್ನ ಥಿಯೇಟರಿಗೆ ತಂದೋರು. ಅಮೆರಿಕದಲ್ಲಿ ಬೆಲ್ಲಿ ಡ್ಯಾನ್ಸ್ ಟೀಚರ್ ಸುಹೈಲಾ ಸಲೀಂಪೂರ್ ಹಂತ ಹಂತವಾಗಿ ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡೋ ಪದ್ಧತಿನೇ ಮಾಡಿದಾರೆ. ಜೊತೆಗೆ ತಕ್ಸೀಂ ಒಂದು ಕೇಳ್ಸಿ, ತಾಳ ಇಲ್ದೇ ಔದ್ ಅನ್ನೋ ತಂತಿ ವಾದ್ಯನೋ ನೈ ಅನ್ನೋ ಕೊಳಲೋ ಒಂದೇ ವಾದ್ಯ ಮಕಾಮ್, ಅಂದ್ರೆ ಅರಬ್ಬರ ರಾಗ ಅನ್ನಿ, ಅದನ್ನ ಬಿಡಿಸ್ತಾ ಹೋಗೋದು, ನಮ್ಮಲ್ಲಿ ರಾಗ ಆಲಾಪನೆ ಕೇಳಿದೋಳಿಗೆ ಅದು ಪಕ್ಕನೆ ಹೊಳೆಯುತ್ತೆ, ಅದಕ್ಕೆ ಸ್ಟೆಪ್ಸ್ ಮೊದಲೇ ರೆಡಿ ಮಾಡ್ಕೊಳ್ದೆ ಅಲ್ಲೇ ಕೇಳ್ತಾ ಅಲ್ಲೇ ಕುಣೀಬೇಕು ಅಂತ ಹೇಳಿ. ಟೆಕ್ನಿಕ್ ಏನಿದೆ ಅಂತ ಆಮೇಲೆ ಅವಳು ಕೇಳಲ್ಲ. ಕೇಳಿದ್ರೆ ಕೈಗೆ ಸಗಾತ್ ಕೊಡಿ, ಆ ಬೆರಳಿನ ತಾಳ ಇದ್ಯಲ್ಲ ಅದು, ಬಲ ಎಡ ಬಲ ಅಂತ ಬಾರಿಸ್ತಾ ನಡ್ಕೊಂಡು ಹೋಗ್ತಾ ಸೊಂಟ ಹಾಕ್ಲಿ. ಅದು ನನ್ನ ಹಳೇ ಸ್ಟೂಡೆಂಟ್ಸ್‌ಗೂ ಇನ್ನೂ ಬೆವರು ಬರ್ಸುತ್ತೆ.

ಆನ್ಯುಯಲ್ ಡೇ ಕೇಸು. ಇಲ್ಲ ಅನ್ಬೇಡಿ, ಆದ್ರೆ ಅವ್ರು ಕೇಳಿದ್ದನ್ನೂ ಕೊಡ್ಬೇಡಿ. ಎರಡು ವಾರಕ್ಕೆ ಸೋಲೋ ಬೇಡ, ನಾಲ್ಕು ಐದು ಜನ ಸೇರ್ಲಿ, ಒಂದೂವರೆ ನಿಮಿಷದ ಹಾಡು, ಮೂರೇ ಚಲನೆ, ಸಾಲು ಬದಲಾಯ್ಸೋದು ಚೆನ್ನಾಗಿರ್ಲಿ, ಕೈಗೆ ವೇಲ್ ಕೊಡಿ. ವೇಲ್ ಹಾರ್ತಿದ್ರೆ ಸೊಂಟದ ತಪ್ಪು ಅರ್ಧ ಕಾಣಲ್ಲ, ಇದು ನಮ್ಮ ಫೀಲ್ಡಿನ ಹಳೇ ಗುಟ್ಟು. ಡ್ರಮ್ ಸೋಲೋ, ಅಂದ್ರೆ ಬರೀ ಡ್ರಮ್ ಪೆಟ್ಟಿಗೆ ಕುಣಿಯೋದು, ಅದನ್ನ ಮಾತ್ರ ಯಾವ ಕಾರಣಕ್ಕೂ ಮುಟ್ಟಿಸ್ಬೇಡಿ, ಅಲ್ಲಿ ಒಂದೊಂದು ಪೆಟ್ಟೂ ದೇಹದಲ್ಲಿ ಕಾಣ್ಬೇಕು, ಬಚ್ಚಿಟ್ಕೊಳ್ಳೋಕೆ ಜಾಗಾನೇ ಇಲ್ಲ. ಫೀಸ್ ಬೇರೆ ತಗೊಳ್ಳಿ, ರೆಗ್ಯುಲರ್ ಕ್ಲಾಸ್ ಟೈಮಲ್ಲಿ ಮಾಡಿಸ್ಬೇಡಿ, ಉಳಿದೋರು ದುಡ್ಡು ಕೊಟ್ಟಿರೋದು ಅವ್ರ ಆನ್ಯುಯಲ್ ಡೇ ರಿಹರ್ಸಲ್ ನೋಡೋಕಲ್ಲ. ಇದ್ರಲ್ಲಿ ಒಂದು ಲಾಭ ಇದೆ, ಸ್ಟೇಜ್ ಮೇಲೆ ಲೈಟಲ್ಲಿ ಒಂದ್ಸಲ ನಿಂತು ಬಂದೋರು ವಾಪಸ್ ಬಂದಾಗ "ಇಷ್ಟೇ ತಾನೆ" ಅನ್ನಲ್ಲ, ತಾವೇ ಕಾಲೆಲ್ಲಿತ್ತೋ ಕೈಯೆಲ್ಲಿತ್ತೋ ಅಂತ ಹೇಳ್ಕೊಂಡು ನಗ್ತಾರೆ.

ಮೂರು ತಿಂಗಳಿಗೇ ಟೀಚರ್ ಆಗಿರೋಳ ಬಗ್ಗೆ ನಿಮ್ಮ ಕೋಪ ನನಗೂ ಬರುತ್ತೆ. ಸುಲಭ ಅನ್ಕೊಂಡು ಬರೋದು ಬೇರೆ, ಸುಲಭ ಅನ್ಕೊಂಡು ಇನ್ನೊಬ್ರ ಬೆನ್ನು ಮಂಡಿ ಮೇಲೆ ಪ್ರಯೋಗ ಮಾಡೋದು ಬೇರೆ. ಆದ್ರೂ ವಾಟ್ಸಾಪ್ ಗ್ರೂಪಲ್ಲಿ ಜಗಳ ತೆಗೀಬೇಡಿ, ಸ್ಟೇಟಸ್‌ನಲ್ಲಿ ಚುಚ್ಚಿ ಹಾಕೋದು ಬೇಡ್ವೇ ಬೇಡ. ಕಾಫಿಗೆ ಕರೀರಿ. ಒಂದೇ ಪ್ರಶ್ನೆ ಕೇಳಿ, ನಿನ್ನ ಕ್ಲಾಸಲ್ಲಿ ಯಾರಿಗಾದ್ರೂ ಹಿಪ್ ಸರ್ಕಲ್ ಮಾಡೋವಾಗ ಬೆನ್ನಲ್ಲಿ ಚುಚ್ಚಿದ್ರೆ ಏನು ಬದಲಾಯಿಸ್ತೀಯ, ಯಾಕೆ. ಉತ್ತರ ಬಂದ್ರೆ ಸಂತೋಷ, ಬರ್ಲಿಲ್ಲ ಅಂದ್ರೆ ಅವಳಿಗೇ ಗೊತ್ತಾಗುತ್ತೆ. ಆಮೇಲೆ ದಾರಿ ತೋರ್ಸಿ, ಶನಿವಾರದ ಬ್ಯಾಚಿಗೆ ಅಸಿಸ್ಟೆಂಟ್ ಆಗಿ ಬಾ, ನಾನು ಕರೆಕ್ಷನ್ ಕೊಡೋದನ್ನ ನೋಡು, ಒಂದು ವರ್ಷ ಆದ್ಮೇಲೆ ಬೇಕಾದ್ರೆ ನಾನೇ ನಿನ್ನ ಅಪಾರ್ಟ್‌ಮೆಂಟಿಗೆ ಬಂದು ಮೊದಲ ಕ್ಲಾಸ್ ಜೊತೆಗೆ ತಗೋತೀನಿ ಅಂತ. ಕೆಲವ್ರು ಒಪ್ತಾರೆ. ಒಪ್ಪದೋರನ್ನ ನೀವು ತಡೆಯೋಕಾಗಲ್ಲ, ಈ ಊರಲ್ಲಿ ಡ್ಯಾನ್ಸ್ ಟೀಚರ್ ಬೋರ್ಡ್ ಹಾಕೋಕೆ ಯಾರೂ ಲೈಸೆನ್ಸ್ ಕೇಳಲ್ಲ. ಅಲ್ಲಿ ಬೆನ್ನು ನೋವು ಮಾಡ್ಕೊಂಡೋರು ಕೆಲವ್ರು ನಿಮ್ಮ ಹತ್ರಾನೇ ಬರ್ತಾರೆ, ಬಂದಾಗ ಅವಳ ಬಗ್ಗೆ ಒಂದು ಮಾತೂ ಆಡ್ದೆ ಸರಿ ಮಾಡ್ಕೊಡಿ.

ಕೊನೇದು, ಫ್ರೀ ಟ್ರಯಲ್. ನಾನು ಕೊಡಲ್ಲ. ಫ್ರೀ ಅಂದ್ರೆ ಆ ಭಾನುವಾರ ಬೇರೆ ಕೆಲ್ಸ ಇಲ್ದೋರೆಲ್ಲ ಬರ್ತಾರೆ, ಮೂರು ಜನ ಲೇಟು, ಇಬ್ರು ಮೊಬೈಲಲ್ಲಿ ರೀಲ್ಸ್ ಮಾಡ್ತಾ ಇರ್ತಾರೆ, ಅವ್ರ ನಡುವೆ ನಿಜವಾಗಿ ಕಲಿಯೋಕೆ ಬಂದೋಳು ಹೆದರಿ ವಾಪಸ್ ಹೋಗ್ತಾಳೆ. ಚಿಕ್ಕ ಫೀಸ್ ಇಡಿ, ಒಂದು ಸಿನಿಮಾ ಟಿಕೆಟ್‌ನಷ್ಟು, ಸೇರಿದ್ರೆ ತಿಂಗಳ ಫೀಸಲ್ಲಿ ಕಳೀರಿ. ಒಂದು ಗಂಟೆ ಪೂರ್ತಿ ತಗೊಳ್ಳಿ, ವಾರ್ಮಪ್ ಬಿಡ್ಬೇಡಿ, ಕೊನೇ ಹತ್ತು ನಿಮಿಷ ಕೂತು ಮಾತಾಡಿ, ಏನು ಬಂತು ಏನು ಬರ್ಲಿಲ್ಲ ಅಂತ ಅವ್ರ ಬಾಯಲ್ಲೇ ಹೇಳ್ಸಿ, ಮುಂದಿನ ಎಂಟು ಕ್ಲಾಸಲ್ಲಿ ಎಲ್ಲಿಗೆ ಮುಟ್ಟಬಹುದು ಅಂತ ನೀವು ಹೇಳಿ. ಆಮೇಲೆ ಫೋನ್ ಮಾಡಿ ಮಾಡಿ ಸೇರ್ಕೊಳ್ಳಿ ಅಂತ ಕೇಳ್ಬೇಡಿ. ಕನ್ನಡಿ ಮೇಲಿನ ಬಿಂದಿಗಳನ್ನ ಮಾತ್ರ ಕ್ಲಾಸ್ ಮುಗಿದ್ ತಕ್ಷಣ ತೆಗೆದ್ಬಿಡಿ, ಅಂಟು ಒಣಗಿದ್ರೆ ಕೆರ್ಕೊಂಡು ಕೂರ್ಬೇಕಾಗುತ್ತೆ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದ್ರೆ ಹೋಗುತ್ತೆ.